ಸೊನ್ನೆಯ ಮನೆಗೆ ಬಾಡಿಗೆಗೆ ಬಂದ ಮೇಷ್ಟ್ರು

ಪ್ರಭುಲಿಂಗ ಮೇಷ್ಟ್ರಿಗೆ ಎಣಿಸುವ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಎಲೆಅಡಿಕೆ, ಇವರಿಗೆ ಎಣಿಕೆ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆ ಹತ್ತೊಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟ ಮನುಷ್ಯ. ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ, ಶಾಲೆಯ ಮಾಡಿಗೆ ಎಷ್ಟು ಹೆಂಚು, ಹೆಡ್‌ಮಾಸ್ಟರು ಒಂದು ಭಾಷಣದಲ್ಲಿ ಎಷ್ಟು ಸಲ "ಅಂದರೆ" ಅನ್ನುತ್ತಾರೆ, ಎಲ್ಲವೂ ಅವರಿಗೆ ಬಾಯಿಪಾಠ. ಹೆಂಡತಿ ಗಿರಿಜಾಂಬ ತೀರಿಕೊಂಡ ಮೇಲೆ, ಅಂದರೆ ನಾಲ್ಕು ವರ್ಷದಿಂದ, ಈ ಚಟ ಊಟಕ್ಕೂ ಹತ್ತಿಕೊಂಡಿತ್ತು. ತಟ್ಟೆಯ ಮುಂದೆ ಕೂತು ತುತ್ತು ಎಣಿಸುತ್ತಿದ್ದರು. ಹೊತ್ತಿಗೆ ಇಪ್ಪತ್ತಾರು ತುತ್ತು. ಎಣಿಸದಿದ್ದರೆ ಮನೆ ತೀರಾ ಸುಮ್ಮನಿರುತ್ತಿತ್ತು. ಆ ಸುಮ್ಮನಿರುವುದನ್ನು ಕೇಳಿಸಿಕೊಂಡು ಉಣ್ಣುವುದು ಅವರ ಕೈಲಿ ಆಗುತ್ತಿರಲಿಲ್ಲ.

ಇಂಥವರನ್ನು ಇಲಾಖೆಯ ವರ್ಗಾವಣೆ ಕೌನ್ಸೆಲಿಂಗ್ ಎತ್ತಿ ಸೊಪ್ಪಿನದೊಡ್ಡಿಗೆ ಹಾಕಿತು. ಹೊಂಗನೂರಿನಿಂದ ಮೂರು ಕಿಲೋಮೀಟರ್ ಒಳಗೆ, ಹಿಪ್ಪುನೇರಳೆ ತೋಟಗಳ ನಡುವೆ, ಇಪ್ಪತ್ತು ಮನೆಯ ಊರು. ಸುತ್ತಲಿನ ದೊಡ್ಡಿಗಳಿಗೆಲ್ಲ ಅಲ್ಲೊಂದು ಸರ್ಕಾರಿ ಹೈಸ್ಕೂಲು. ಮೇಷ್ಟ್ರಿಗೆ ನಲವತ್ತೊಂಬತ್ತು ವರ್ಷ. ಗಿರಿಜಾಂಬ ತವರಿಂದ ತಂದಿದ್ದ ಹಸಿರು ಟ್ರಂಕಿಗೆ ಹಗ್ಗ ಬಿಗಿಯುವಾಗ, ಅವರ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ಇದೇ ಕಡೇ ಸಲ. ಇನ್ನೆಲ್ಲಿಗೂ ಹೋಗಲ್ಲ" ಎಂದು ಟ್ರಂಕಿಗೇ ಹೇಳಿದರು.

ಊರಲ್ಲಿ ಖಾಲಿ ಇದ್ದದ್ದು ಒಂದೇ ಮನೆ, ಫಕ್ರುದ್ದೀನ್ ಸಾಹೇಬರದು. ಅವರು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಕುಟುಂಬ ಸಮೇತ ರಾಮನಗರ ಸೇರಿ ಎಷ್ಟೋ ವರ್ಷವಾಗಿತ್ತು. ಮೇಷ್ಟ್ರು ರಾಮನಗರದಲ್ಲೇ ಅವರನ್ನು ಕಂಡು, ಬೀಗದ ಕೈ ಇಸಿದುಕೊಂಡು, ಭಾನುವಾರ ಮಧ್ಯಾಹ್ನ ಊರಿಗೆ ಬಂದಿಳಿದರು. ಮನೆ ಗುಡಿಸಿದರು. ಸ್ಟವ್ ಹೊತ್ತಿಸಿ ಅನ್ನಕ್ಕಿಟ್ಟರು. ಕುಕ್ಕರು ಮೂರು ಸಲ ಕೂಗಿತು.

ಮೂರನೇ ಕೂಗಿಗೆ ಊರೇ ಹೊರಗೆ ಬಂತು. ಹೆಂಗಸರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತರು. ಯಾರೋ "ಹೋಯ್ತು ಕಣ್ಲಾ" ಎಂದು ಗೋಳಾಡಿದ್ದು ಮೇಷ್ಟ್ರಿಗೆ ಕೇಳಿಸಿತು. ಊರಲ್ಲಿ ಸಾವಾಗಿದೆಯೇನೋ ಎಂದುಕೊಂಡು, ಮರ್ಯಾದೆಗೆ ರೇಡಿಯೋ ಆರಿಸಿ, ಇಪ್ಪತ್ತಾರು ತುತ್ತು ಉಂಡು ಮಲಗಿದರು.

ಸೋಮವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಲತಾಮಣಿ ಕುರ್ಚಿ ತೋರಿಸಿ, ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕೂತರು.

"ಬನ್ನಿ ಸಾರ್. ನಿಮಗೆ ಒಂ..." ಎಂದವರು ಬಾಯಿಗೆ ಕೈ ಅಡ್ಡ ಹಿಡಿದು, ಉಗುಳು ನುಂಗಿ, ಮತ್ತೆ ಶುರು ಮಾಡಿದರು. "ನಿಮಗೆ ಸ್ವಲ್ಪ ವಿಷಯ ಹೇಳಬೇಕು. ಈ ಊರಲ್ಲಿ ಅಂಕಿ ಬಾಯಲ್ಲಿ ಹೇಳೋ ಹಾಗಿಲ್ಲ. ಬರೀಬಹುದು. ಹೇಳೋ ಹಾಗಿಲ್ಲ."

"ಯಾಕ್ ಮೇಡಂ?"

"ಹುಳ ಕೇಳಿಸ್ಕೊಳ್ತವೆ."

ಮೇಷ್ಟ್ರು ನಗಬೇಕೋ ಬೇಡವೋ ಎಂದು ನೋಡಿದರು. ಲತಾಮಣಿ ನಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಹಿಂದೆ ಇದ್ದ ಗಣಿತದ ಮೇಷ್ಟ್ರಿಗೆ ಬಹಳ ಉತ್ಸಾಹ. ಅಂದಾಜು ಮಾಡುವ ಪಾಠಕ್ಕೆಂದು ಮಕ್ಕಳನ್ನೆಲ್ಲ ಚಪ್ಪಲಿ ಸಮೇತ ರೇಷ್ಮೆ ಹುಳುಮನೆಯೊಳಗೆ ನುಗ್ಗಿಸಿ, ಒಂದು ತಟ್ಟೆಯ ಹುಳ ಎಣಿಸಿ, ತಟ್ಟೆಗಳಿಂದ ಗುಣಿಸಿ, "ನಲವತ್ತೊಂದು ಸಾವಿರದ ಇನ್ನೂರ ಅರವತ್ತು!" ಎಂದು ದೊಡ್ಡ ದನಿಯಲ್ಲಿ ಕೂಗಿಸಿದ್ದರು. ಮೂರೇ ದಿನಕ್ಕೆ ಊರಿನ ಅಷ್ಟೂ ಹುಳ ಸಪ್ಪೆ ರೋಗ ಬಂದು ಸತ್ತವು. ಚಪ್ಪಲಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಗುಮಾನಿ ನೆಟ್ಟಗೆ ಗಣಿತದ ಮೇಲೆ ಬಿತ್ತು. ಆ ಮೇಷ್ಟ್ರು ರಜೆ ಹಾಕಿ ಹೋದವರು ತಿರುಗಿ ಬರಲಿಲ್ಲ. ಶಾಲೆಯ ಎಸ್‌ಡಿಎಂಸಿ ಸಭೆ ಸೇರಿ, ಊರೊಳಗೆ ಯಾರೂ ಅಂಕಿಯನ್ನು ಉಚ್ಚರಿಸಕೂಡದು ಎಂದು ಠರಾವು ಮಾಡಿತು. ಬರೆಯುವುದಕ್ಕೆ ಅಡ್ಡಿಯಿಲ್ಲ, ಏಕೆಂದರೆ ಹುಳಕ್ಕೆ ಕಿವಿ ಇದೆಯೇ ಹೊರತು ಓದು ಬರುವುದಿಲ್ಲ.

"ಹಾಗಾದರೆ ಮಗ್ಗಿ ಹೇಗೆ ಹೇಳ್ತಾರೆ ಮೇಡಂ?"

"ಅದನ್ನ ಮಕ್ಕಳೇ ತೋರಿಸ್ತಾರೆ. ಆದರೆ ಸಾರ್," ಎಂದು ಲತಾಮಣಿ ದನಿ ತಗ್ಗಿಸಿದರು, "ಇಲಾಖೆಯವರು ಬಂದು ಬಾಯಲ್ಲೇ ಪ್ರಶ್ನೆ ಕೇಳ್ತಾರೆ. ಹೋದ ವರ್ಷಾನೂ, ಅದರ ಹಿಂದಿನ ವರ್ಷಾನೂ ನಮ್ಮ ಕೊನೇ ತರಗತಿ ಮಕ್ಕಳು ಫೇಲು. ಈ ಸಲಾನೂ ಆದರೆ ಆ ತರಗತೀನೇ ಮುಚ್ಚಿಬಿಡ್ತಾರೆ. ನಿಮ್ಮನ್ನ ಬೇರೆ ಕಡೆಗೆ ಹಾಕ್ತಾರೆ."

ಮೇಷ್ಟ್ರಿಗೆ ಮೊದಲು ನೆನಪಾದದ್ದು ಹಸಿರು ಟ್ರಂಕು. ಅದರ ಹಗ್ಗವನ್ನು ಇನ್ನೂ ಬಿಚ್ಚಿರಲಿಲ್ಲ.

ಹತ್ತನೇ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಮೇಷ್ಟ್ರು ಬಾಯಿ ಬಿಗಿಹಿಡಿದು ಬೋರ್ಡಿನ ಮೇಲೆ ಏಳು ಗುಣಿಲೆ ಮೂರು ಎಂದು ಅಂಕಿಯಲ್ಲಿ ಬರೆದು ತಿರುಗಿದರು. ಮುಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಎಸ್‌ಡಿಎಂಸಿ ಅಧ್ಯಕ್ಷ ಕರಿಯಪ್ಪನ ಮೊಮ್ಮಗಳು, ದಿವ್ಯ.

"ಕರಿಯಪ್ಪ ಸಿದ್ದಮ್ಮಲಿ ವೀರಭದ್ರಯ್ಯ ಅಂಕಮ್ಮ, ಸಾರ್."

"ಏನಮ್ಮಾ?"

"ಸರಿಯಾಗೇ ಐತಲ್ಲ ಸಾರ್?"

ದಿವ್ಯ ಬಹಳ ತಾಳ್ಮೆಯಿಂದ, ದಡ್ಡ ಹುಡುಗನಿಗೆ ಹೇಳುವಂತೆ ಮೇಷ್ಟ್ರಿಗೆ ವಿವರಿಸಿದಳು. ಊರಿನ ಯಾವ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೋ ಆ ಮನೆ ಆ ಅಂಕಿ. ಕರಿಯಪ್ಪನ ಮನೆಯಲ್ಲಿ ಏಳು ಜನ, ಆದ್ದರಿಂದ ಏಳಕ್ಕೆ ಕರಿಯಪ್ಪ. ಸಿದ್ದಮ್ಮನ ಮನೆಯಲ್ಲಿ ಮೂವರು. ಅಂಗಡಿ ವೀರಭದ್ರಯ್ಯ ಮತ್ತವರ ಹೆಂಡತಿ, ಮಕ್ಕಳಿಲ್ಲ, ಇಬ್ಬರೇ. ಅಂಕಮ್ಮ ಒಬ್ಬಳೇ. ವೀರಭದ್ರಯ್ಯ ಅಂಕಮ್ಮ ಎಂದರೆ ಇಪ್ಪತ್ತೊಂದು. ನಾಲ್ಕಕ್ಕೆ ದೇವರಾಜು, ಐದಕ್ಕೆ ಜಯಕುಮಾರ, ಒಂಬತ್ತಕ್ಕೆ ಕೆಂಪರಾಜು. ಹೀಗೆ ಅಂಕಿಯಾಗಿ ನೇಮಕವಾದ ಮನೆಗಳು ಕೆಲವು, ಉಳಿದವೆಲ್ಲ ರಿಸರ್ವ್. ದೇವರಾಜುವಿನ ಸೊಸೆ ಹೆತ್ತಾಗ ಒಂದು ವಾರ ನಾಲ್ಕೇ ಇಲ್ಲದೆ ಪಾಠ ನಿಂತಿತ್ತಂತೆ. ಕೊನೆಗೆ ಬಾಣಂತಿಯನ್ನು ಬೇಗ ತವರಿಗೆ ಕಳಿಸಿ ಲೆಕ್ಕ ಸರಿ ಮಾಡಿದರಂತೆ. ಜಯಕುಮಾರನ ಮಗಳ ಮದುವೆಯನ್ನು ಪರೀಕ್ಷೆ ಮುಗಿಯುವವರೆಗೆ ಮುಂದಕ್ಕೆ ಹಾಕಿದ್ದರಂತೆ.

ಮೇಷ್ಟ್ರಿಗೆ ತಲೆ ಗಿರ್ರೆಂದಿತು. ಆದರೂ ಸೀಮೆಸುಣ್ಣ ಹಿಡಿದ ಕೈ ಸುಮ್ಮನಿರಲಿಲ್ಲ, ಐದು ಗುಣಿಲೆ ಎರಡು ಎಂದು ಬರೆಯಿತು.

"ಜಯಕುಮಾರ ವೀರಭದ್ರಯ್ಯಲಿ ಅಂಕಮ್ಮ..." ಎಂದ ದಿವ್ಯ ಅಲ್ಲಿಗೇ ನಿಂತಳು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಯಾಕಮ್ಮಾ, ಗೊತ್ತಿಲ್ವಾ?"

"ಗೊತ್ತೈತೆ ಸಾರ್. ಬೀಗ ಅನ್ಬೇಕು. ಸಾಹೇಬ್ರ ಮನೆ ಬೀಗ. ಅಲ್ಲಿ ಯಾರೂ ಉಣ್ತಿರ್ನಿಲ್ಲ ಅಲ್ವಾ, ಅದ್ಕೇ ಸೊನ್ನೆಗೆ ಬೀಗ. ನೆನ್ನೆ ನೀವು ಕುಕ್ಕರ್ ಕೂಗಿಸ್ಬುಟ್ರಿ." ಲಂಗದಲ್ಲಿ ಮುಖ ಒರೆಸಿಕೊಂಡಳು.

ಮೂವತ್ತು ವರ್ಷದ ಸರ್ವೀಸು ತುಂಬಿದವರೂ ಮಾಡದ ಕೆಲಸವನ್ನು ಪ್ರಭುಲಿಂಗ ಮೇಷ್ಟ್ರು ಹೊಸ ಶಾಲೆಗೆ ಬಂದ ಮೊದಲನೇ ದಿನ ಮಾಡಿ ಮುಗಿಸಿದ್ದರು. ಶಾಲೆಯ ಸೊನ್ನೆಯನ್ನೇ ಕಳೆದುಹಾಕಿದ್ದರು.

ಸಂಜೆ ಕರಿಯಪ್ಪ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬಹಳ ಮರ್ಯಾದಸ್ಥ. ಒಳಗೆ ಬರಲೊಲ್ಲೆನೆಂದು ಜಗಲಿಯ ಮೇಲೇ ಕೂತ.

"ತಪ್ಪು ತಿಳೀಬ್ಯಾಡಿ ಮೇಷ್ಟ್ರೇ. ನೀವು ಬಂದಿದ್ದು ನಮ್ಗೆ ಸಂತೋಸ. ಆದ್ರೆ ಸೊನ್ನೆ ಇಲ್ದೆ ಮಕ್ಳು ಏನ್ ಮಾಡ್ಬೇಕು ಏಳಿ?"

"ಬೇರೆ ಯಾವುದಾದರೂ ಖಾಲಿ ಜಾಗ ಇಟ್ಟುಕೊಳ್ಳಿ ಯಜಮಾನ್ರೇ. ದೇವಸ್ಥಾನ?"

"ದೇವ್ರು ನೈವೇದ್ಯ ಉಣ್ಣಲ್ವಾ?"

"ಶಾಲೆ?"

"ಬಿಸಿಯೂಟ ಐತಲ್ಲಾ."

ಮೇಷ್ಟ್ರು ಸೋತರು. ತಾವು ತರ್ಕ ಕಲಿಸಿದ್ದ ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಬಿಗಿಯಾದ ತರ್ಕವನ್ನು ಅವರು ಕಂಡಿರಲಿಲ್ಲ. ಕರಿಯಪ್ಪನೇ ಕೊನೆಗೆ ದಾರಿ ತೋರಿಸಿದ. "ಮನೇಲಿ ನೀವು ಆರಾಮಾಗಿರಿ. ಮಲೀಕಳಿ, ಸ್ನಾನ ಮಾಡಿ, ಪೇಪರ್ ಓದಿ. ಉಣ್ಣಬ್ಯಾಡಿ, ಅಷ್ಟೇಯ."

"ಮತ್ತೆಲ್ಲಿ ಉಣ್ಣಲಿ?"

ಕರಿಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಯೋಚಿಸಿದ. ಅವನ ಮನೆಯಲ್ಲಿ ಉಂಡರೆ ಏಳು ಹೋಗುತ್ತದೆ. ಸಿದ್ದಮ್ಮನ ಮನೆಯಲ್ಲಿ ಉಂಡರೆ ಮೂರು ಹೋಗುತ್ತದೆ. ರಿಸರ್ವ್ ಮನೆಗಳನ್ನು ಮುಟ್ಟುವಂತಿಲ್ಲ, ನಾಳೆ ಯಾರ ಮನೆಯಲ್ಲಿ ಹೆರಿಗೆಯಾಗುತ್ತದೋ ಹೇಳಲಾಗದು. ಅಲ್ಲದೆ ಹುಳ ಮೇಯಿಸುವ ಮನೆಯೊಳಕ್ಕೆ ಹೊರಗಿನವರನ್ನು ಯಾರೂ ಬಿಟ್ಟುಕೊಳ್ಳುವುದಿಲ್ಲ. "ಚನ್ನಪಟ್ಟಣದಲ್ಲಿ ಒಳ್ಳೊಳ್ಳೆ ಹೋಟ್ಲು ಅವೆ" ಎಂದು ಹೇಳಿ ಎದ್ದ.

ಅಲ್ಲಿಂದ ಮೇಷ್ಟ್ರ ಪಾಡು ಯಾರಿಗೂ ಬೇಡ. ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಹೋಗಿ ಇಡ್ಲಿ ತಿನ್ನುವುದು, ಎಂಟೂಮುಕ್ಕಾಲಿನ ಬಸ್ಸಿಗೆ ವಾಪಸು ಬರುವುದು. ಮಧ್ಯಾಹ್ನ ಮಕ್ಕಳ ಜೊತೆ ಬಿಸಿಯೂಟ. ಸಂಜೆ ಮತ್ತೆ ಬಸ್ಸು. ಬಸ್ಸು ತಪ್ಪಿದ ದಿನ ಊರಾಚೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬನ್ನು, ಬಾಳೆಹಣ್ಣು. ಊರ ಎಲ್ಲೆಯ ಹೊರಗಾದ್ದರಿಂದ ಅಲ್ಲಿ ಉಂಡರೆ ಯಾವ ಅಂಕಿಗೂ ಧಕ್ಕೆಯಿಲ್ಲ. ಒಂದು ದಿನ ಮರೆತು ಮನೆಯಲ್ಲಿ ಎರಡು ಬಿಸ್ಕತ್ತು ತಿಂದಿದ್ದಕ್ಕೆ ಮಾರನೇ ದಿನ ದಿವ್ಯ ತರಗತಿಯಲ್ಲಿ ಎದ್ದು, "ಬಿಸ್ಕತ್ತು ಊಟಾನಾ ತಿಂಡೀನಾ ಸಾರ್? ನೂರು ಹೇಳ್ಬೇಕಿತ್ತು" ಎನ್ನಲು ಹೋಗಿ, ನೂರು ಎಂಬ ಮಾತು ಬಾಯಿಂದ ಜಾರಿದ್ದಕ್ಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ವಾರವೆಲ್ಲ ಹುಳ ಚೆನ್ನಾಗಿ ಸೊಪ್ಪು ತಿಂದದ್ದರಿಂದ ಮಗು ಬಚಾವಾಯಿತು.

ತಮಾಷೆ ಎಂದರೆ, ಮಕ್ಕಳು ಗಣಿತದಲ್ಲಿ ಬಲು ಚುರುಕು. ವೀರಭದ್ರಯ್ಯ ವೀರಭದ್ರಯ್ಯ ಬೈ ಕರಿಯಪ್ಪ ಎಂದರೆ ಪೈ ಎಂದು ತಿಳಿದಿದ್ದರು. ಲಂಬಕೋನ ಎಂದರೆ ಕೆಂಪರಾಜು ಬೀಗ ಡಿಗ್ರಿ. ಎರಡು ತಿಂಗಳಾಗುವಷ್ಟರಲ್ಲಿ ಮೇಷ್ಟ್ರೂ ಪಳಗಿದರು. ಒಂದು ಸಲ ಚನ್ನಪಟ್ಟಣದ ಹೋಟೆಲಿನಲ್ಲಿ, "ಎಷ್ಟು ಇಡ್ಲಿ ಸಾರ್?" ಎಂದರೆ "ಸಿದ್ದಮ್ಮ" ಎಂದುಬಿಟ್ಟರು.

ಬಸ್ ನಿಲ್ದಾಣಕ್ಕೆ ಎದುರಾಗಿದ್ದ ಊರಿನ ಕೊನೇ ಮನೆಯೇ ಅಂಕಮ್ಮನದು. ಐವತ್ತೆಂಟು ವರ್ಷದ ಗಟ್ಟಿ ಹೆಂಗಸು. ಹಣ್ಣಾದ ಹುಳ ಆಯುವುದರಲ್ಲಿ ಸುತ್ತೇಳು ದೊಡ್ಡಿಗೆ ಅವಳನ್ನು ಮೀರಿಸಿದವರಿಲ್ಲ. ಗೂಡು ಕಟ್ಟುವ ಹೊತ್ತಿಗೆ ಬಂದ ಹುಳವನ್ನು ಬೆಳಕಿಗೆ ಹಿಡಿದೂ ನೋಡದೆ, ಮುಟ್ಟಿಯೇ ಹೇಳುವವಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಮೇಷ್ಟ್ರು ಬನ್ನು ತಿನ್ನುವುದನ್ನು ಅವಳು ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೇಷ್ಟ್ರು ತುತ್ತು ಎಣಿಸುತ್ತಿದ್ದರು. ಬನ್ನಿಗೆ ಒಂಬತ್ತು.

ತನಿಖೆಯ ದಿನ ಗೊತ್ತಾಯಿತು. ಬರುವ ಸೋಮವಾರ. ಅದೇ ಹೊತ್ತಿಗೆ ಊರಿನ ಹುಳವೆಲ್ಲ ಒಟ್ಟಿಗೆ ಹಣ್ಣಾಗಿ, ಬೆಳೆ ಭರ್ಜರಿಯಾಗಿ, ಮನೆಗಳಲ್ಲಿ ಜಾಗ ಸಾಲದೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತಂದು ಶಾಲೆಯ ಜಗಲಿಯ ಉದ್ದಕ್ಕೂ ನಿಲ್ಲಿಸಿದರು. ಹುಳಕ್ಕೆ ಇದು ಬಲು ನಾಜೂಕಿನ ಹೊತ್ತು. ಕರಿಯಪ್ಪ ಮೇಷ್ಟ್ರ ಎದುರು ಕೈ ಮುಗಿದ. "ಅಧಿಕಾರಿಗಳು ಏನ್ ಕೇಳಿದ್ರೂವೆ ಮಕ್ಳ ಬಾಯಿಂದ ಅಂಕಿ ಬರ್ಕೂಡ್ದು. ಬಂದ್ರೆ ಊರ್ಗೆ ಊರೇ ಎಕ್ಕುಟ್ಟೋಯ್ತದೆ."

ಭಾನುವಾರ ಶಾಲೆಯಿಲ್ಲ, ಬಿಸಿಯೂಟವಿಲ್ಲ. ಅವತ್ತು ಬಸ್ಸೂ ಕೆಟ್ಟು ನಿಂತಿತು. ವೀರಭದ್ರಯ್ಯನ ಅಂಗಡಿಯಲ್ಲಿದ್ದ ಕೊನೇ ಬನ್ನಿನಲ್ಲಿ ಮೇಷ್ಟ್ರು ದಿನ ದೂಡಿದರು. ಸೋಮವಾರ ಬೆಳಿಗ್ಗೆಯೂ ಬಸ್ಸು ಬರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತವರಿಗೆ ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಎಣಿಸಲು ತುತ್ತೇ ಇರಲಿಲ್ಲ.

"ಬಾರಪ್ಪಾ, ಒಸಿ ಉಣ್ಣು ಬಾ. ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು. ಬ್ಯಾರೇನೂ ಬೆರಸಿಲ್ಲ" ಎಂದು ಅಂಕಮ್ಮ ಬಾಗಿಲಿಂದ ಕೂಗಿದಳು.

"ಬೇಡಮ್ಮ. ಇವತ್ತು ತನಿಖೆ. ನಾನು ಉಂಡರೆ ಅಂಕಮ್ಮ ಹೋಗಿಬಿಡುತ್ತೆ."

"ನಾನೆಲ್ಲಿಗೆ ಹೋದೇನು! ಇಲ್ಲೇ ನಿಂತಿವ್ನಿ."

"ಅಂಕಿ ಹೋಗುತ್ತೆ ಅಂದೆ."

ಅಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆ ದಾಟಿ ಬಂದಳು. ಅವಳಿಗೆ ಸಿಟ್ಟು ಬಂದಿತ್ತು.

"ನಿಮ್ಗೆಲ್ಲ ಅಂಕಮ್ಮ ಅಂದ್ರೆ ಅಂಕಿ. ನನ್ಗೆ ಅದು ನನ್ ಹೆಸ್ರು ಕಣಪ್ಪ. ಬೆಳಗಿಂದ ಸಂಜೆಗಂಟ ಇಸ್ಕೂಲಲ್ಲಿ ಅಂಕಮ್ಮ ಅಂಕಮ್ಮ ಅಂತ ಕೂಗ್ತವೆ. ಮೊದ್ಮೊದ್ಲು ಓಗೊಟ್ಕೊಂಡು ಓಡೋಗ್ತಿದ್ದೆ. ಯಾರೂ ನನ್ನ ಕರೀತಾನೇ ಇರ್ನಿಲ್ಲ. ಸಂಕ್ರಾಂತೀಗೆ ಕನಕಪುರದಿಂದ ನನ್ ತಂಗಿ ಬಂದ್ಲು. ಕರಿಯಪ್ಪ ಓಡ್ಬಂದು, ಪರೀಕ್ಷೆ ಹತ್ರ ಐತೆ, ಅವಳ್ನ ಒಳಗೆ ಉಣ್ಣುಸ್ಬ್ಯಾಡ ಅಂದ. ಒಸ್ಲು ಒಳ್ಗೆ ನಾನು, ಒಸ್ಲು ಹೊರ್ಗೆ ಅವ್ಳು, ಹಂಗೆ ಉಂಡ್ವಿ. ಎದ್ದು ಕೈ ತೊಳ್ಕೊಂಡು ಹೋದೋಳು ತಿರ್ಗಾ ಬರ್ನೇ ಇಲ್ಲ. ಮಕ್ಳು ಪಾಸಾಗ್ಲಿ ಅಂತ ನಾನೂ ಬಾಯಿ ಮುಚ್ಕೊಂಡಿವ್ನಿ. ನೀನು ದಿನಾ ನಾಯಿ ತಿಂದಂಗೆ ರಸ್ತೇಲಿ ತಿನ್ನೋದ್ನ ನೋಡ್ಕೊಂಡು ನಾನ್ ಒಳ್ಗೆ ಹೆಂಗ್ ಮುದ್ದೆ ಮುರೀಲಿ, ನೀನೇ ಏಳು."

ಮೇಷ್ಟ್ರಿಗೆ ನಾಚಿಕೆಯಾಯಿತು. ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಒಂದು ಬರೆದವರು, ಅದರ ಮನೆಯಲ್ಲಿ ಹೇಗಿರುತ್ತದೆ ಎಂದು ಕೇಳಿರಲಿಲ್ಲ. ತಮ್ಮ ಮನೆಯಲ್ಲಿ ಹೇಗಿರುತ್ತದೆ ಎಂದು ಯಾರಿಗೂ ಹೇಳಿಯೂ ಇರಲಿಲ್ಲ. ತನಿಖೆ ಕೈಕೊಟ್ಟರೆ ಟ್ರಂಕು ಮತ್ತೆ ಬಸ್ಸಿನ ಮೇಲೆ ಏರುತ್ತದೆ. ಅದು ಗೊತ್ತಿದ್ದೇ ಎದ್ದರು. ಅಂಕಮ್ಮನ ಹಿಂದೆ ಹೋಗಿ, ಹೊಸ್ತಿಲು ದಾಟಿ, ಒಳಗೆ ಮಣೆಯ ಮೇಲೆ ಕೂತರು. ಅವಳೂ ಎದುರಿಗೆ ತಟ್ಟೆ ಇಟ್ಟುಕೊಂಡು ಕೂತಳು. ಕೆಂಪರಾಜುವಿನ ಎತ್ತು ಯಾರನ್ನು ಹಾಯಿತು, ಲತಾಮಣಿ ಮೇಡಂ ಸೀರೆ ಎಷ್ಟು ಚೆಂದ, ಬಾಯಿ ತುಂಬ ಮಾತು. ಮೇಷ್ಟ್ರು ಐದನೇ ತುತ್ತಿಗೋ ಆರನೇ ತುತ್ತಿಗೋ ಎಣಿಕೆ ತಪ್ಪಿದರು. ಮತ್ತೆ ಮೊದಲಿಂದ ಎಣಿಸಬೇಕು ಎಂದು ಅನ್ನಿಸಲೇ ಇಲ್ಲ.

ಕೈ ತೊಳೆದು ತಿರುಗಿದರೆ ಬಾಗಿಲಲ್ಲಿ ದಿವ್ಯ, ಚೀಲ ಹಾಕಿಕೊಂಡು, ಬಾಯಿ ತೆರೆದುಕೊಂಡು ನಿಂತಿದ್ದಳು. ಹಾಗೇ ತಿರುಗಿ ಶಾಲೆಯ ಕಡೆ ಓಡಿದಳು.

ವಿಷಯ ಪರಿವೀಕ್ಷಕರು ಹನ್ನೊಂದಕ್ಕೆ ಬಂದರು. ಮಹೇಂದ್ರ ಎಂದು ಹೆಸರು. ಮೇಷ್ಟ್ರಷ್ಟೇ ವಯಸ್ಸು, ಇಸ್ತ್ರಿಯಿಲ್ಲದ ಅಂಗಿ, ಒಂದು ಗುಂಡಿ ಬೇರೆ ಬಣ್ಣದ್ದು. ಕುರ್ಚಿಯಲ್ಲಿ ಕೂತು ವರದಿ ಪುಸ್ತಕ ತೆಗೆದರು. ಕಿಟಕಿಯಾಚೆ ಜಗಲಿಯಲ್ಲಿ ಚಂದ್ರಿಕೆಗಳ ಕಾವಲಿಗೆ ಅಂಕಮ್ಮ ಕೂತಿದ್ದಳು. ಕರಿಯಪ್ಪ ಬಾಗಿಲಲ್ಲಿ ಟವೆಲ್ಲು ಹಿಂಡುತ್ತ ನಿಂತಿದ್ದ.

"ಒಂಬತ್ತು ಐದಲಿ?"

"ಕೆಂಪರಾಜು ಜಯಕುಮಾರಲಿ ದೇವರಾಜು ಜಯಕುಮಾರ" ಎಂದಳು ಒಬ್ಬ ಹುಡುಗಿ, ಸಾನಾ.

"ನಾನು ಹಾಜರಿ ಕೇಳಲಿಲ್ಲಮ್ಮ. ಮಗ್ಗಿ ಕೇಳಿದೆ."

ಲತಾಮಣಿ ಬಗ್ಗಿ ಅಧಿಕಾರಿಗಳ ಕಿವಿಯಲ್ಲಿ ಐದು ನಿಮಿಷ ಏನೇನೋ ಪಿಸುಗುಟ್ಟಿದರು. ಕೇಳುತ್ತ ಕೇಳುತ್ತ ಮಹೇಂದ್ರರ ಮುಖ ಕೆಂಪಾಯಿತು. "ಇದು ಶಾಲೆಯೋ ನಾಟಕದ ಕಂಪನಿಯೋ? ಪೈ ಬೆಲೆ ಹೇಳಿ ನೋಡೋಣ."

"ಸಿದ್ದಮ್ಮ ಚುಕ್ಕಿ..." ಎಂದು ಸಾನಾ ತಡವರಿಸಿದಳು. ಚುಕ್ಕಿಯ ಮುಂದೆ ಒಂದು ಬರಬೇಕಿತ್ತು. ಆ ಒಂದು ಬೆಳಿಗ್ಗೆ ಎಂಟು ಗಂಟೆಗೆ ಮುದ್ದೆಯ ಜೊತೆ ಹೋಗಿತ್ತು. ಹನ್ನೊಂದು ಮಕ್ಕಳೂ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ನೆಲ ನೋಡಿದರು.

ಮಹೇಂದ್ರ ಪೆನ್ನಿನ ಮುಚ್ಚಳ ಹಾಕಿದರು. "ಕೊನೇ ಪ್ರಶ್ನೆ. ಇದಕ್ಕೂ ಉತ್ತರ ಬರದಿದ್ದರೆ ನಾನು ಬರೆದು ಹೊರಡ್ತೀನಿ. ಒಂದಕ್ಕೆ ಒಂದು ಕೂಡಿದರೆ ಎಷ್ಟು?"

ಆಮೇಲೆ ದಿವ್ಯ ಎದ್ದಳು. ಕಿಟಕಿಯಾಚೆ ನೋಡಿದಳು, ಮೇಷ್ಟ್ರನ್ನು ನೋಡಿದಳು.

"ಅಂಕಮ್ಮ, ಸಾರ್."

"ಎಷ್ಟು ಅಂತ ಕೇಳಿದೆ. ಯಾರು ಅಂತಲ್ಲ!"

"ಎರಡು ಕಣ್ರೀ!"

ದನಿ ಬಂದದ್ದು ಕಿಟಕಿಯಿಂದ. ಅಂಕಮ್ಮ ಎದ್ದು ನಿಂತು, ಸರಳು ಹಿಡಿದುಕೊಂಡು, ಊರಿಗೇ ಕೇಳುವಂತೆ ಹೇಳಿದಳು. "ಆ ಮಗಾ ಸರ್ಯಾಗೇ ಏಳವ್ಳೆ. ನಾನು ಒಂದು, ಮೇಷ್ಟ್ರು ಒಂದು. ನಮ್ಮನೇಲಿ ಇವತ್ತು ಎರಡು ತಟ್ಟೆ. ಎರಡು! ಇನ್ನು ಏನ್ ಕೇಳ್ಬೇಕೋ ಕೇಳ್ಕಳಿ."

ಕರಿಯಪ್ಪ ಜಗಲಿಗೆ ಓಡಿದ. ಒಂದೊಂದು ಚಂದ್ರಿಕೆಗೂ ಕಿವಿಯಿಟ್ಟ, ಮೂಸಿದ, ಕಣ್ಣು ಕಿರಿದು ಮಾಡಿ ನೋಡಿದ. ಹುಳಗಳು ತಲೆ ಅತ್ತ ಇತ್ತ ಆಡಿಸುತ್ತ ತಮ್ಮ ಪಾಡಿಗೆ ನೂಲು ಬಿಡುತ್ತಿದ್ದವು. ಅವಕ್ಕೆ ಯಾರ ಮನೆಯಲ್ಲಿ ಎಷ್ಟು ತಟ್ಟೆ ಎಂಬುದು ಬೇಕಾಗಿರಲಿಲ್ಲ. ಕೊನೆಗೆ ಕರಿಯಪ್ಪ ಬಾಗಿಲಿಗೆ ಬಂದು ಬೆವರು ಒರೆಸಿಕೊಂಡು ತೀರ್ಪು ಕೊಟ್ಟ. "ಅಂಕಮ್ಮ ಏಳಿದ್ದು ಲೆಕ್ಕ ಅಲ್ಲ, ಸುದ್ದಿ. ಸುದ್ದಿಗೆ ದೋಸ ಇಲ್ಲ. ಮಕ್ಳು ಮಾತ್ರ ಪದ್ಧತಿ ಬುಡ್ಕೂಡ್ದು."

"ಪದ್ಧತಿ ಪ್ರಕಾರಾನೇ ಹೇಳ್ತೀವಿ ತಾತ, ಆದ್ರೆ ನಮ್ ತಾವ ಅದು ಇಲ್ವಲ್ಲ" ಎಂದ ದಿವ್ಯ ಇದ್ದಕ್ಕಿದ್ದಂತೆ ಅಧಿಕಾರಿಗಳ ಕಡೆ ತಿರುಗಿದಳು. ಅವಳ ಕಣ್ಣು ಆ ಬೇರೆ ಬಣ್ಣದ ಗುಂಡಿಯ ಮೇಲಿತ್ತು. "ಸಾರ್, ನಿಮ್ಮನೇಲಿ ಎಷ್ಟ್ ಜನ ಉಣ್ತೀರಿ?"

ಮಹೇಂದ್ರ ಗದರಬೇಕೆಂದು ಬಾಯಿ ತೆರೆದರು. ಗದರಲಿಲ್ಲ. "ಮನೆಯವರೆಲ್ಲ ಮೈಸೂರಲ್ಲಿದ್ದಾರೆ. ನಾನು ರಾಮನಗರದಲ್ಲಿ ರೂಮು ಮಾಡಿಕೊಂಡಿದ್ದೀನಿ" ಎಂದರು. ಸ್ವಲ್ಪ ತಡೆದು, "ಒಬ್ಬನೇ" ಎಂದರು.

ಮಕ್ಕಳು ಕೇಕೆ ಹಾಕಿದರು. ಒಂದು ಸಿಕ್ಕಿತ್ತು! ಬೀಗವೂ ಬೆಳಿಗ್ಗೆಯಿಂದ ಭದ್ರವಾಗಿತ್ತು. ಅಲ್ಲಿಂದ ಮುಂದೆ ಯಾವ ಪ್ರಶ್ನೆಗೂ ತರಗತಿ ತಡವರಿಸಲಿಲ್ಲ. ಪೈ ಎಂದರೆ ಸಿದ್ದಮ್ಮ ಚುಕ್ಕಿ ಮಹೇಂದ್ರ ದೇವರಾಜು. ಹನ್ನೆರಡರ ವರ್ಗ ಮಹೇಂದ್ರ ದೇವರಾಜು ದೇವರಾಜು. ಮಹೇಂದ್ರರು ಮೊದಮೊದಲು ಕಾಗದದ ಅಂಚಿನಲ್ಲಿ ತರ್ಜುಮೆ ಮಾಡಿಕೊಂಡು ಟಿಕ್ ಹಾಕಿದರು, ಆಮೇಲೆ ನೇರವಾಗಿಯೇ ಟಿಕ್ ಹಾಕಿದರು. ಒಂದು ಕಿಲೋಮೀಟರಿಗೆ ಎಷ್ಟು ಮೀಟರು ಎಂದು ಕೇಳಿದಾಗ ಇಡೀ ತರಗತಿ ಒಕ್ಕೊರಲಿನಲ್ಲಿ ಕೂಗಿತು.

"ಮಹೇಂದ್ರ ಬೀಗ ಬೀಗ ಬೀಗ!"

ಆ ಉತ್ತರವನ್ನು ಅವರು ತಮ್ಮ ಹೆಸರಿನ ಸಮೇತ ಕಾಗದದ ಅಂಚಿನಲ್ಲಿ ಬರೆದುಕೊಂಡು, ಆಮೇಲೆ ಟಿಕ್ ಹಾಕಿದರು.

ಮುಗಿಯುವಾಗ ಒಂದೂವರೆ. ವರದಿಗೆ ಸಹಿ ಇನ್ನೂ ಬಿದ್ದಿರಲಿಲ್ಲ. ಹೊರಗೆ ಬಂದರೆ ಅಂಕಮ್ಮ ದಾರಿಗೆ ಅಡ್ಡ ನಿಂತಿದ್ದಳು. "ಉಂಡ್ಬುಟ್ಟು ಬರೀರಿ. ಹಸ್ದ್ ಹೊಟ್ಟೇಲಿ ಬರೆದ್ರೆ ಕೈ ಕಹಿಯಾಯ್ತದೆ. ಮೇಷ್ಟ್ರೇ, ಕರ್ಕೊಂಡ್ ಬಾ."

ಅಷ್ಟು ಸಾಕಾಯಿತು, ಹನ್ನೊಂದು ಮಕ್ಕಳೂ ಹಿಂದೆ ಬಿದ್ದವು. "ಬ್ಯಾಡಿ ಸಾರ್! ಉಣ್ಣಬ್ಯಾಡಿ ಸಾರ್! ಈಗ್ತಾನೇ ಸಿಕ್ಕಿದ್ದು, ಮತ್ತೆ ಹೋಗ್ತದೆ!" ಮಹೇಂದ್ರರು ಅಂಕಮ್ಮನ ಹೊಸ್ತಿಲು ದಾಟುವಾಗ ದಿವ್ಯ ಅವರ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಒಳಗೆ ಮೂರು ತಟ್ಟೆ ಇತ್ತು. ಕಿಟಕಿಯಲ್ಲಿ, ಬಾಗಿಲಲ್ಲಿ ಮಕ್ಕಳ ಮುಖ. ಅಧಿಕಾರಿಗಳು ಮುದ್ದೆಯನ್ನೂ ಮಕ್ಕಳನ್ನೂ ನೋಡಿದರು. ಪ್ರಭುಲಿಂಗ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಸಾರಿನ ಪಾತ್ರೆಯನ್ನು ಅವರ ಕಡೆಗೆ ಸರಿಸಿದರು.

ಮಹೇಂದ್ರ ಮುದ್ದೆ ಮುರಿದರು. ಹೊರಗೆ ಮಕ್ಕಳು ಗೊಳೋ ಎಂದವು.

ವರದಿಯನ್ನು ಅಂಕಮ್ಮನ ಜಗಲಿಯ ಮೇಲೆ ಕೂತು ಬರೆದರು. ಹತ್ತನೇ ತರಗತಿ ಉಳಿಯಿತು. ಮೇಷ್ಟ್ರು ಅವತ್ತು ಸಂಜೆ ಟ್ರಂಕಿನ ಹಗ್ಗ ಬಿಚ್ಚಿ, ಗಿರಿಜಾಂಬಳ ಫೋಟೋ ತೆಗೆದು ಸೊನ್ನೆಯ ಮನೆಯ ಗೋಡೆಗೆ ತೂಗುಹಾಕಿದರು. ಆ ಹಗ್ಗ ಅಂಕಮ್ಮನಿಗೆ ಬಟ್ಟೆ ಒಣಹಾಕಲು ಆಯಿತು. ಮೇಷ್ಟ್ರ ಊಟ ಅಂದಿನಿಂದ ದಿನಾ ಅವಳ ಮನೆಯಲ್ಲೇ. ಅವಳ ತಂಗಿಗೂ ಕನಕಪುರಕ್ಕೆ ಫೋನು ಹೋಯಿತು. ಮಹೇಂದ್ರ ಸಾಹೇಬರು ಈಗ ವಾರಕ್ಕೊಮ್ಮೆ ತನಿಖೆಗೆಂದು ಬಂದು, ಏನನ್ನೂ ತನಿಖೆ ಮಾಡದೆ, ಉಂಡು ಹೋಗುತ್ತಾರೆ. ವಾರಕ್ಕೊಂದು ದಿನ ಕೈಕೊಡುವ ಒಂದನ್ನು ನಂಬಿ ಲೆಕ್ಕ ಮಾಡಲಾಗದು ಎಂದು ದಿವ್ಯ ಎದ್ದು ನಿಂತು ವಾದಿಸಿದಳು, ಮೇಷ್ಟ್ರು ಒಪ್ಪಿದರು. ಕರಿಯಪ್ಪ ಹೊಸ ಒಂದಕ್ಕಾಗಿ ಸುತ್ತಲಿನ ದೊಡ್ಡಿಗಳನ್ನೆಲ್ಲ ಅಲೆದು ಬಂದ. ಒಂಟಿಯಾಗಿದ್ದವರು ಇಬ್ಬರೋ ಮೂವರೋ ಸಿಕ್ಕರು, ಆದರೆ ಸುದ್ದಿ ತಿಳಿದ ಅಂಕಮ್ಮ ಅವರನ್ನೂ ಊಟಕ್ಕೆ ಕರೆದುಬಿಟ್ಟಳು.

ಈಗ ಹತ್ತು ಬೇಕಾದಾಗ ಮಕ್ಕಳು ಜಯಕುಮಾರನನ್ನು ಎರಡು ಸಲ ಕೂಗುತ್ತಾರೆ. ಸೊಪ್ಪಿನದೊಡ್ಡಿಯ ಶಾಲೆಯಲ್ಲಿ ಮಗ್ಗಿ ಎರಡರಿಂದ ಶುರುವಾಗುತ್ತದೆ.